ಬೇರೆ ಏನಾದರೂ ಹೇಳುವುದಿದ್ದರೆ

ನೂರ ಹನ್ನೆರಡು ಮನೆಗೆ ಕಳಿಸಿದ್ದೆ.
ಬಂದದ್ದು ಎಂಬತ್ತೊಂದು.
ಒಂದಕ್ಕೆ ಸಿಂಪಿಯ ಚೂರು ಅಂಟಿತ್ತು,
ಒಂದರ ಮೂಲೆ ನಾಯಿ ಕಡಿದಿತ್ತು,
ಒಂದರಲ್ಲಿ ಎಲ್ಲಕ್ಕೂ ಹೌದು, ಹೌದು, ಹೌದು:
ಒಲೆಯ ಮೇಲೆ ಹಾಲಿಟ್ಟು ಬಂದವರ ಹೌದು.

ನಾನು ಶಾಲೆಯ ಗುಮಾಸ್ತೆ.
ಹಾಜರಿ, ಹೇನಿನ ಔಷಧಿ, ಜೋಡಿ ತಪ್ಪಿದ ಕೈಗವಸು,
ಈ ಸಲ ಜೊತೆಗೆ ಇದೂ:
ದಕ್ಷಿಣ ದ್ವೀಪದಲ್ಲಿ ರಸ್ತೆ ಮುಗಿಯುವ ಊರು,
ಆಚೆ ಬರೀ ಅಲೆ, ಅಲೆಯಾಚೆ ಮಂಜು,
ತನ್ನ ಮಕ್ಕಳಿಗೆ ಪರದೆ ಎಷ್ಟು ಬೇಕೆಂದು
ತಾನೇ ಹೇಳಲಿ ಎಂದು
ಹದಿನಾಲ್ಕು ಪ್ರಶ್ನೆ ಬರೆದೆ.

ಹೆಡ್ ಟೀಚರ್ ಮೊರಾಗ್ ಕಪಾಟು ತೆರೆದು ತೋರಿಸಿದ್ದಳು:
ಇಪ್ಪತ್ತು ಟ್ಯಾಬ್ಲೆಟ್, ಪ್ಲಾಸ್ಟಿಕ್ಕೂ ಬಿಚ್ಚಿಲ್ಲ.
‘ಕೇಳದೆ ಕೊಂಡದ್ದು ಕಪಾಟಿಗೇ.
ಈ ಸಲ ಕೇಳಿಯೇ ಕೊಳ್ಳೋಣ.’

ಏಳನೆಯದು: ಮನೆಯಲ್ಲಿ ಇಂಟರ್ನೆಟ್ ಇದೆಯೇ?
ಎಪ್ಪತ್ತಮೂರು ಹೌದು.
ಹಸಿರು ಕಂಬ ಎಳೆದೆ,
ಕೊಲ್ಲಿಯಾಚೆಯ ಚಿಮಣಿಯಷ್ಟು ಎತ್ತರ.
ಆಮೇಲೆ ತಳದ ಡಬ್ಬಿ ಓದಿದೆ,
ನಾಲ್ಕು ಬೆರಳಗಲದ್ದು,
ಬೇರೆ ಏನಾದರೂ ಹೇಳುವುದಿದ್ದರೆ.

ಮೀನು ಕಾರ್ಖಾನೆಯ ರೊಸ್ವಿಂದಾ:
‘ಇದೆ, ನನ್ನ ಫೋನಿನಲ್ಲಿ.
ರಾತ್ರಿ ಪಾಳಿಗೆ ನಾನು ಹೋದರೆ ಅದೂ ಹೋಗುತ್ತದೆ.’
ಸಿಂಪಿ ಬಿಡಿಸುವ ಸಿಯೋಸಾಯಾ:
‘ಮಗಳು ಭಾನುವಾರ ಟಾಂಗಾದ ಅಜ್ಜಿಗೆ
ಪರದೆಯಲ್ಲಿ ಓದಿ ಹೇಳುತ್ತಾಳೆ, ನಮ್ಮ ಭಾಷೆಯಲ್ಲಿ.
ನಿಮ್ಮ ಲೆಕ್ಕದಲ್ಲಿ ಅದು ಓದೋ, ಮಾತೋ?’

ನನ್ನ ಹೆಮ್ಮೆಯೆಲ್ಲ ಹನ್ನೊಂದನೆಯದರ ಮೇಲಿತ್ತು:
ಏಪ್ರಿಲ್ಲಿನಲ್ಲಿ ಟೀಟೀ ಹಕ್ಕಿಯ ದ್ವೀಪಗಳಿಗೆ ಹೋಗುವ
ಮಕ್ಕಳ ಕೈಗೆ ಟ್ಯಾಬ್ಲೆಟ್ ಕೊಟ್ಟು ಕಳಿಸೋಣವೇ?
ಹೌದು ಅರವತ್ತೊಂದು. ಇಲ್ಲ ಹನ್ನೆರಡು. ಗೊತ್ತಿಲ್ಲ ಎಂಟು.
ಇನ್ನೇನು ಬೇಕು?

ರಿಪೆಕಾ ಪೆನ್ಸಿಲ್ಲಿನಲ್ಲಿ ಬರೆದಿದ್ದಳು.
ಡಬ್ಬಿ ತುಂಬಿ, ಅಂಚು ದಾಟಿ, ಹಾಳೆಯ ಬೆನ್ನಿಗೆ ಹರಿದಿತ್ತು.

‘ಕರೆಂಟಿಲ್ಲ ಅನ್ನಲಾರೆ, ಜನರೇಟರ್ ಇದೆ.
ಉಪ್ಪುಗಾಳಿ ಅನ್ನಲಾರೆ, ಸುತ್ತಿಡಬಹುದು.
ಆದರೆ ನೋಡಮ್ಮ,
ಅಲ್ಲಿ ಹುಡುಗ ಹೊಟ್ಟೆಯ ಮೇಲೆ ಮಲಗಿ
ಬಿಲದೊಳಗೆ ಭುಜದವರೆಗೆ ಕೈ ತೂರಿಸಬೇಕು,
ಕಣ್ಣಿಗೆ ಕಾಣದ್ದನ್ನು ಬೆರಳು ನೋಡಬೇಕು,
ಬೇರು ಯಾವುದು, ಮರಿ ಯಾವುದು,
ಇನ್ನೊಂದು ವಾರ ಬೆಳೆಯಲೆಂದು ಬಿಟ್ಟುಬರಬೇಕಾದ್ದು ಯಾವುದು.
ಅದೂ ಶಾಲೆಯೇ. ಅಲ್ಲೂ ಹಾಜರಿ ಇದೆ.
ಕಳಿಸುವುದಿದ್ದರೆ ಒಂದು ನೋಟ್‌ಬುಕ್ ಕಳಿಸಿ.
ವಾಪಸು ಬಂದು ತಮಾತಿಯೇ ನಿಮಗೆ ಪಾಠ ಹೇಳಲಿ,
ಬೇಕಾದರೆ ರೆಕಾರ್ಡ್ ಮಾಡಿಕೊಳ್ಳಿ.’

ಎಂಬತ್ತೊಂದನ್ನೂ ನೆಲದ ಮೇಲೆ ಹರಡಿದೆ.
ದ್ವೀಪಕ್ಕೆ ಹೋಗುವ ಮನೆಗಳನ್ನು ಬೇರೆ ಮಾಡಿದೆ.
ಒಂಬತ್ತು.
ಎಂಟು ಇಲ್ಲ, ಒಂದು ಗೊತ್ತಿಲ್ಲ.
ಅರವತ್ತೊಂದು ಹೌದುಗಳಲ್ಲಿ
ದೋಣಿ ಹತ್ತುವವರು ಒಬ್ಬರೂ ಇಲ್ಲ!

ಎಣಿಕೆ ತಪ್ಪಿರಲಿಲ್ಲ.
ತಪ್ಪಿದ್ದು ಬೇರೇನೋ, ಅದಕ್ಕೆ ಕಾಲಮ್ಮಿರಲಿಲ್ಲ.

ಮಂಡಳಿಯ ಸಭೆಯಲ್ಲಿ ಆಲಸ್ಟರ್ ಗೊಣಗಿದ,
‘ಡಿಜಿಟಲ್ ದುಡ್ಡಿನಲ್ಲಿ ನೋಟ್‌ಬುಕ್ಕೇ?’
ಮೊರಾಗ್ ಚಹಾ ಊದಿಕೊಂಡು ಕುಡಿದಳು.
ಒಂಬತ್ತು ನೋಟ್‌ಬುಕ್, ನೀರು ತಾಗದ ರಟ್ಟಿನವು.
ಸಿಗ್ನಲ್ ಇಲ್ಲದೆಯೂ ನಡೆಯುವ ಪಾಠ, ಕಪಾಟಿನ ಇಪ್ಪತ್ತರಲ್ಲಿ,
ರಾತ್ರಿ ಪಾಳಿಯ ಮನೆಗಳಿಗೆ.
ಅಜ್ಜಿಯ ಭಾನುವಾರ ಓದೆಂದೇ ದಾಖಲಾಯಿತು.
ಮರಳದ ಮೂವತ್ತೊಂದು ಹಾಳೆಗಳ ವಿಷಯ
ಮುಂದಿನ ಸಭೆಗೆ. ಅದರ ಮುಂದಿನದಕ್ಕೂ ಇರಬಹುದು.

ಜೂನಿನಲ್ಲಿ ತಮಾತಿಯ ನೋಟ್‌ಬುಕ್ ನನ್ನ ಮೇಜಿಗೆ ಬಂತು,
ಹಕ್ಕಿಯ ಕೊಬ್ಬಿನ ವಾಸನೆ, ಮುಕ್ಕಾಲು ಖಾಲಿ.
ಕೊನೆಯ ಪುಟಕ್ಕೆ ಗೆರೆ ಹಾಕಿದ್ದ, ಥೇಟ್ ನನ್ನ ನಮೂನೆಯಂತೆ:

ಒಂದು. ಬಿಲದೊಳಗೆ ಕೈ ಹಾಕಿದ್ದೀರಾ?
ಎರಡು. ಎಲ್ಲಿಯ ತನಕ? ಮಣಿಕಟ್ಟು, ಮೊಣಕೈ, ಭುಜ.
ಮೂರು. ಭಯ ಆಯಿತಾ?

ಪೆನ್ನು ತೆಗೆದು ತುಂಬಿದೆ.
ಇಲ್ಲ.
ಅನ್ವಯಿಸದು.
ಹೌದು.

ಕೆಳಗೊಂದು ಡಬ್ಬಿಯಿತ್ತು.
ಹುಡುಗ ಅದನ್ನು ಅರ್ಧ ಪುಟ ಬರೆದಿದ್ದ,
ನನಗಿನ್ನೂ ಅದು ತುಂಬಿಲ್ಲ.